ಕೋಲಾರದ ದ್ರಾಕ್ಷಿ, ಆಸ್ಟ್ರಿಯಾದ ಗುಳ್ಳೆ

ಮುಳಬಾಗಿಲು ಎಂದರೆ ಈಗಿನವರಿಗೆ ಮೊದಲು ನೆನಪಾಗುವುದು ದೋಸೆ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಆ ಊರಿನ ಹೆಸರು ಹೊತ್ತ ದೋಸೆ ಹೋಟೆಲು ಕಣ್ಣಿಗೆ ಬೀಳುತ್ತದೆ. ಹಿರಿಯರಿಗೆ ಕುರುಡುಮಲೆಯ ಗಣಪ, ಶ್ರೀಪಾದರಾಜರ ಮಠ, ಆವಣಿಯ ಬೆಟ್ಟ ನೆನಪಿಗೆ ಬರುತ್ತವೆ. ಪುಸ್ತಕ ಹಿಡಿಯುವವರಿಗೆ ಡಿ.ವಿ.ಜಿ. 1887ರಲ್ಲಿ ಮುಳಬಾಗಿಲಲ್ಲಿ ಹುಟ್ಟಿದ ಡಿ.ವಿ.ಜಿ.ಯವರನ್ನು ನಾವು ಮಂಕುತಿಮ್ಮನ ಕಗ್ಗದಿಂದ, ಅವರ ಪತ್ರಿಕೋದ್ಯಮದಿಂದ, ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿಂದ ಬಲ್ಲೆವು. ಅದೇ ಡಿ.ವಿ.ಜಿ. ಪಾರಸಿ ಕವಿ ಉಮರ್ ಖಯ್ಯಾಮನ ಪದ್ಯಗಳನ್ನು, ಫಿಟ್ಸ್‌ಜೆರಾಲ್ಡ್ 1859ರಲ್ಲಿ ಪ್ರಕಟಿಸಿದ ಇಂಗ್ಲಿಷ್ ರೂಪದ ದಾರಿ ಹಿಡಿದು, ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ಕೊಟ್ಟರು. ದ್ರಾಕ್ಷಿಯ ರಸವೂ ಬಟ್ಟಲೂ ಕನ್ನಡದ ಮನೆಗಳ ಪುಸ್ತಕದ ಕಪಾಟಿಗೆ ಗೌರವದಿಂದ ಬಂದು ಕೂತದ್ದು ಹೀಗೆ. ಕೋಲಾರ ಸೀಮೆಯವನಾದ ನನಗೆ ಇದು ಹೆಮ್ಮೆಯ ಸಂಗತಿ. ದ್ರಾಕ್ಷಿ ಬೆಳೆಯುವ ಸೀಮೆಯಲ್ಲಿ ಹುಟ್ಟಿದವರೇ ದ್ರಾಕ್ಷಿಯ ಕವಿಯನ್ನು ಕೈಹಿಡಿದು ಕರೆತಂದರು.

ಉಮರನ ಹೆಸರು ನಮ್ಮ ದೇಶದಲ್ಲಿ ಇನ್ನೊಂದು ದಾರಿಯಲ್ಲೂ ಓಡಾಡಿದೆ. ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ ಚೌಗುಲೆ ಕುಟುಂಬದ ಇಂಡೇಜ್ ಕಂಪನಿ 1980ರ ದಶಕದಲ್ಲಿ ಫ್ರಾನ್ಸಿನ ಪೈಪರ್-ಹೈಡ್ಸಿಕ್ ಮನೆತನದ ತಾಂತ್ರಿಕ ನೆರವು ಪಡೆದು ಗುಳ್ಳೆಯೇಳುವ ವೈನ್ ತಯಾರಿಸಿತು. ವಿದೇಶಕ್ಕೆ ಹೋದ ಆ ಬಾಟಲಿಗಳ ಮೇಲೆ ಬರೆದಿದ್ದ ಹೆಸರು ‘ಓಮರ್ ಖಯ್ಯಾಮ್’. ಭಾರತದಲ್ಲೂ ಇಂಥದೊಂದು ವೈನ್ ಆಗುತ್ತದೆ ಎಂಬುದು ಹೊರಗಿನವರಿಗೆ ಮೊದಲು ತಿಳಿದದ್ದು ಬಹುಮಟ್ಟಿಗೆ ಆ ಬಾಟಲಿಯಿಂದ.

ಗುಳ್ಳೆಯೇಳುವ ವೈನ್ ಎಂದ ಕೂಡಲೇ ನಮ್ಮ ಜನ ‘ಶಾಂಪೇನ್’ ಎನ್ನುತ್ತಾರೆ. ಕ್ರಿಕೆಟ್ ಕಪ್ಪು ಗೆದ್ದವರು, ಕಾರು ಓಟದಲ್ಲಿ ಗೆದ್ದವರು ಬಾಟಲಿ ಕುಲುಕಿ ಒಬ್ಬರ ಮೇಲೊಬ್ಬರು ಚಿಮ್ಮಿಸುವುದನ್ನು ಟಿ.ವಿ.ಯಲ್ಲಿ ನೋಡಿ ಬಂದ ತಿಳಿವಳಿಕೆ ಅದು. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ, ಅಲ್ಲಿನ ದ್ರಾಕ್ಷಿಯಿಂದ, ಅಲ್ಲಿನ ಕಟ್ಟುಪಾಡಿನಂತೆ ಆದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಉಳಿದ ದೇಶಗಳಿಗೆ ತಮ್ಮ ತಮ್ಮ ವೈನುಗಳಿವೆ. ಇಟಲಿಯಲ್ಲಿ ಪ್ರೊಸೆಕ್ಕೊ, ಸ್ಪೇನಿನಲ್ಲಿ ಕಾವಾ, ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ಸೆಕ್ಟ್. ಇವುಗಳಲ್ಲಿ ನಾನು ಇವತ್ತು ಮಾತಾಡಬೇಕೆಂದಿರುವುದು ಆಸ್ಟ್ರಿಯಾದ ಸೆಕ್ಟ್ ಬಗ್ಗೆ. ಮೊತ್ಸಾರ್ಟ್ ಸಂಗೀತ, ವಿಯೆನ್ನಾದ ಅರಮನೆ, ಆಲ್ಪ್ಸ್ ಪರ್ವತ ಎಂದು ಆ ದೇಶವನ್ನು ಗುರುತಿಸುತ್ತೇವೆ. ಅಲ್ಲಿನ ದ್ರಾಕ್ಷಿ ಬೆಳೆಗಾರರು ಎದ್ದು ಬಿದ್ದು ಮತ್ತೆ ಎದ್ದ ಕಥೆ ನಮ್ಮ ಕೋಲಾರದವರಿಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವಂಥದು.

ನನ್ನ ಅಕ್ಕನ ಮಗಳು ಕೆಲಸದ ಮೇಲೆ ವಿಯೆನ್ನಾದಲ್ಲಿದ್ದಾಳೆ. ಅಕ್ಕನ ಮನೆ ಮಾಲೂರಿನಲ್ಲಿ. ಮಾಲೂರು ಹಂಚನ್ನೇ ಹೊದಿಸಿದ ಹಳೆಯ ಮನೆ, ಹಿತ್ತಲಲ್ಲಿ ಗುಲಾಬಿ. ಹುಡುಗಿ ರಜೆಗೆ ಬಂದಾಗ ಒಂದು ಬಾಟಲಿ ಸೆಕ್ಟ್ ತಂದಿದ್ದಳು. ಬೆಳಿಗ್ಗೆಯೇ ಫ್ರಿಜ್ಜಿಗೆ ಸೇರಿಸಿ, ಸಂಜೆ ಅಕ್ಕ ನಿಪ್ಪಟ್ಟು ಕರಿದು ತಂದ ಮೇಲೆ ಹೊರತೆಗೆದಳು. “ಮಾವಾ, ಸದ್ದು ಮಾಡಿಸಬಾರದು. ಬಿರಡೆ ಗಟ್ಟಿಯಾಗಿ ಹಿಡ್ಕೊಂಡು ಬಾಟಲಿ ತಿರುಗಿಸಬೇಕು,” ಎಂದು ಹೇಳಿಕೊಟ್ಟಳು. ತಂತಿಯ ಕಟ್ಟು ಬಿಚ್ಚಿ, ಬಿರಡೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಬಾಟಲಿ ತಿರುಗಿಸಿದರೆ ಒಳಗಿನ ಗಾಳಿ ಮೆಲ್ಲಗೆ ಹೊರಟಿತು. ಒಂದು ತೊಟ್ಟೂ ಚೆಲ್ಲಲಿಲ್ಲ.

ಉದ್ದನೆಯ ಕಿರಿದಾದ ಗ್ಲಾಸು ಬೇಡವೆಂದು ಹೊಟ್ಟೆ ಅಗಲವಿದ್ದ ಗ್ಲಾಸಿಗೆ ಹಾಕಿದಳು. ಪರಿಮಳ ಹರಡಲು ಜಾಗ ಬೇಕು ಎಂಬುದು ಆಸ್ಟ್ರಿಯಾದವರ ವಾದ. ಗ್ಲಾಸಿನ ಆಕಾರದ ಮೇಲೆ ಇಡೀ ಲೋಕಕ್ಕೆ ಪಾಠ ಹೇಳಿದ ರೀಡೆಲ್ ಮನೆತನದ ಕಾರ್ಖಾನೆ ಅವರ ಕುಫ್‌ಸ್ಟೈನ್ ಊರಿನಲ್ಲೇ ಇದೆ. ಬಣ್ಣ ತೀರಾ ತಿಳಿ, ಅಂಚಿನಲ್ಲಿ ಸ್ವಲ್ಪ ಹಸಿರು ಛಾಯೆ. ಗುಳ್ಳೆಗಳು ಸೋಡಾದಲ್ಲಿದ್ದಂತೆ ದಪ್ಪವಾಗಿ ಎದ್ದು ಒಡೆಯಲಿಲ್ಲ. ಸಣ್ಣ ಸಣ್ಣವು, ಗ್ಲಾಸಿನ ತಳದಿಂದ ಎಳೆ ಎಳೆಯಾಗಿ, ನಿಲ್ಲದೆ ಏಳುತ್ತಿದ್ದವು. ಮೂಗಿಗೆ ಮೊದಲು ಹಸಿರು ಸೇಬು, ಆಮೇಲೆ ಒಂದಿಷ್ಟು ಬಿಳಿ ಮೆಣಸು, ಗ್ಲಾಸು ಸ್ವಲ್ಪ ಬೆಚ್ಚಗಾದ ಮೇಲೆ ಬೇಕರಿಯ ಹೊಸ ಬನ್ನಿನ ವಾಸನೆ. ಬಾಯಲ್ಲಿ ಸಿಹಿ ಇಲ್ಲವೇ ಇಲ್ಲ. ಚುರುಕಾದ ಹುಳಿ, ಅದರ ಹಿಂದೆ ತೆಳುವಾದ ಕೆನೆಯಂಥ ನುಣುಪು. ನುಂಗಿದ ಮೇಲೂ ರುಚಿ ಬಹಳ ಹೊತ್ತು ನಿಂತಿತು. ನಿಪ್ಪಟ್ಟಿನ ಉಪ್ಪು, ಖಾರ, ಎಣ್ಣೆಗೆ ಆ ಹುಳಿ ಎಷ್ಟು ಒಪ್ಪಿತೆಂದರೆ, ಎರಡನ್ನೂ ಒಂದೇ ಊರಿನವರು ಕಂಡುಹಿಡಿದಿದ್ದರೆ ಆಗುತ್ತಿತ್ತು ಅನ್ನಿಸಿತು. ಕರಿದ, ಉಪ್ಪು ಮುಂದಾದ ತಿಂಡಿಗೆ ಒಣ ಸೆಕ್ಟ್ ಹೊಂದುತ್ತದೆ ಎಂದು ಅಲ್ಲಿಯ ಅಡುಗೆಯವರೂ ಹೇಳುತ್ತಾರೆ.

ಬಾಟಲಿಯ ಚೀಟಿಯನ್ನು ಆಕೆ ಓದಿ ವಿವರಿಸಿದಳು. ಆ ಚೀಟಿ ಒಂದು ಪಹಣಿಯಷ್ಟು ಸ್ಪಷ್ಟವಾಗಿತ್ತು. ದ್ರಾಕ್ಷಿಯ ತಳಿ ಗ್ರ್ಯೂನರ್ ವೆಲ್ಟ್‌ಲೀನರ್, ಆಸ್ಟ್ರಿಯಾದವರ ಸ್ವಂತ ಬಿಳಿ ದ್ರಾಕ್ಷಿ. ಊರು ಲಾಂಗೆನ್‌ಲೋಯಿಸ್, ಕಾಂಪ್‌ಟಾಲ್ ಕಣಿವೆಯದು. ರಾಜ್ಯ ಲೋವರ್ ಆಸ್ಟ್ರಿಯಾ. ಕೊಯ್ಲಿನ ವರ್ಷ. ದರ್ಜೆ ‘ಸೆಕ್ಟ್ ಆಸ್ಟ್ರಿಯಾ ರಿಸರ್ವ್’. ‘ಬ್ರೂಟ್’ ಎಂದರೆ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಸಕ್ಕರೆ. ಬಾಯಿಯ ಬಳಿ ಆ ದೇಶದ ಬಾವುಟದ ಕೆಂಪು-ಬಿಳಿ-ಕೆಂಪು ಪಟ್ಟಿ, ಪರೀಕ್ಷೆಯಾದ ಮಾಲು ಎಂಬುದಕ್ಕೆ ಗುರುತು. ಯಾವ ನೆಲದ ಯಾವ ಹಣ್ಣು, ಯಾವ ವರ್ಷದ್ದು, ಹೇಗೆ ಮಾಡಿದ್ದು ಎಂಬುದು ಕೊಂಡವನಿಗೆ ಪೂರಾ ಗೊತ್ತಾಗುತ್ತಿತ್ತು. ಆ ಸಂಜೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರುಚಿಯ ಜೊತೆಗೆ ಈ ಚೀಟಿಯೂ ಹೌದು.

ಗುಳ್ಳೆ ಬರುವ ಬಗೆಯನ್ನೂ ಹೇಳಿಬಿಡುತ್ತೇನೆ. ರಸ ಹುದುಗಿದಾಗ ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ನಮ್ಮ ಕಡೆ ಈಚಲು ಮರದ ಹೆಂಡ ಮಡಕೆಯಲ್ಲಿ ನೊರೆಗಟ್ಟುತ್ತಿದ್ದುದೂ ಇದೇ ಕಾರಣಕ್ಕೆ. ತೆರೆದ ಮಡಕೆಯಲ್ಲಿ ಗಾಳಿ ಹೊರಟುಹೋಗುತ್ತದೆ. ಸೆಕ್ಟ್ ಮಾಡುವವರು ಮೊದಲು ಹುಳಿ ಗಟ್ಟಿಯಾಗಿರುವ ವೈನ್ ಮಾಡಿಕೊಂಡು, ಅದನ್ನು ಬಾಟಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಮ್ ಸಕ್ಕರೆ, ಒಂದಿಷ್ಟು ಯೀಸ್ಟು ಸೇರಿಸಿ ಮುಚ್ಚಳ ಬಿಗಿಯುತ್ತಾರೆ. ಬಾಟಲಿಯೊಳಗೆ ಎರಡನೆಯ ಸಲ ಹುದುಗು ನಡೆದು, ಹೊರಡಲು ದಾರಿಯಿಲ್ಲದ ಗಾಳಿ ವೈನಿನಲ್ಲೇ ಕರಗುತ್ತದೆ. ಒತ್ತಡ ಆರು ವಾತಾವರಣದಷ್ಟಾಗುತ್ತದೆ. ಅದಕ್ಕೇ ಗಾಜು ಅಷ್ಟು ದಪ್ಪ, ಬಿರಡೆಗೆ ತಂತಿಯ ಕಟ್ಟು. ಕೆಲಸ ಮುಗಿಸಿದ ಯೀಸ್ಟು ತಳದಲ್ಲಿ ಗಸಿಯಾಗಿ ಕೂರುತ್ತದೆ. ವೈನನ್ನು ಆ ಗಸಿಯ ಮೇಲೆಯೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಣ್ಣನೆಯ ನೆಲಮಾಳಿಗೆಯಲ್ಲಿ ಮಲಗಿಸಿಡುತ್ತಾರೆ. ಸತ್ತ ಯೀಸ್ಟು ನಿಧಾನವಾಗಿ ಕರಗಿ ಬನ್ನಿನ ವಾಸನೆಯನ್ನೂ ಕೆನೆಯ ನುಣುಪನ್ನೂ ಕೊಡುತ್ತದೆ. ಗುಳ್ಳೆ ಸಣ್ಣದಾಗಿ, ವೈನಿಗೆ ಹೊಂದಿಕೊಂಡು ಬರುವುದೂ ಆ ಕಾಯುವಿಕೆಯಿಂದಲೇ.

ಕೊನೆಗೆ ಬಾಟಲಿಗಳನ್ನು ದಿನದಿನವೂ ಒಂದಿಷ್ಟು ತಿರುಗಿಸುತ್ತ, ವಾಲಿಸುತ್ತ, ತಲೆಕೆಳಗಾಗಿ ನಿಲ್ಲಿಸುತ್ತಾರೆ. ಗಸಿಯೆಲ್ಲ ಕುತ್ತಿಗೆಗೆ ಇಳಿಯುತ್ತದೆ. ಕುತ್ತಿಗೆಯನ್ನು ಮಾತ್ರ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಮಂಜಿನ ಬಿರಡೆಯೊಂದು ಗಸಿಯನ್ನು ಕಟ್ಟಿಕೊಂಡು ಹೊರಗೆ ಹಾರುತ್ತದೆ. ಖಾಲಿಯಾದಷ್ಟು ಜಾಗ ತುಂಬಿ, ಬೇಕಾದಷ್ಟೇ ಸಿಹಿ ಸೇರಿಸಿ, ಬಿರಡೆ ಹಾಕುತ್ತಾರೆ. ಇದಕ್ಕಿಂತ ಸುಲಭದ ದಾರಿಗಳೂ ಇವೆ. ದೊಡ್ಡ ಟ್ಯಾಂಕಿನಲ್ಲಿ ಎರಡನೆಯ ಹುದುಗು ನಡೆಸಬಹುದು. ಪ್ರೊಸೆಕ್ಕೊ ಹೆಚ್ಚಾಗಿ ಹಾಗೆಯೇ ಆಗುವುದು. ತೀರಾ ಅಗ್ಗದ್ದಕ್ಕೆ ಹೊರಗಿನಿಂದ ಗ್ಯಾಸು ತುಂಬುತ್ತಾರೆ. ಕುಡಿದವರಿಗೆ ಯಾವುದು ಯಾವುದೆಂದು ಒಂದೇ ಗುಟುಕಿಗೆ ಗೊತ್ತಾಗುತ್ತದೆ.

ಆಸ್ಟ್ರಿಯಾಕ್ಕೆ ಈ ವಿದ್ಯೆಯನ್ನು ತಂದವರು ರಾಬರ್ಟ್ ಶ್ಲುಂಬೆರ್ಗೆರ್. ಹುಟ್ಟಿದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಶಾಂಪೇನ್ ಸೀಮೆಯ ರೈಮ್ಸ್ ಊರಿನ ರುಯಿನಾರ್ ಮನೆತನದಲ್ಲಿ ಕೆಲಸ ಕಲಿತರು, ಆಸ್ಟ್ರಿಯಾದ ಹೆಣ್ಣನ್ನು ಮದುವೆಯಾಗಿ ವಿಯೆನ್ನಾದ ದಕ್ಷಿಣಕ್ಕಿರುವ ಫ್ಯೋಸ್ಲಾವ್‌ಗೆ ಬಂದು ನೆಲೆಸಿದರು. 1842ರಲ್ಲಿ ಅವರು ಕಟ್ಟಿದ ಸಂಸ್ಥೆ ಇವತ್ತಿಗೂ ನಡೆಯುತ್ತಿದೆ. ಪರಸ್ಥಳದಿಂದ ಬಂದ ಅಳಿಯನೊಬ್ಬ ಊರಿನ ದ್ರಾಕ್ಷಿಗೆ ಹೊಸ ಬಾಳು ಕೊಟ್ಟ ಕಥೆ ಇದು.

ಅದಕ್ಕೂ ಮೊದಲೇ ಅಲ್ಲಿನ ಬೆಳೆಗಾರನಿಗೆ ಒಂದು ದೊಡ್ಡ ಹಕ್ಕು ಸಿಕ್ಕಿತ್ತು. 1784ರಲ್ಲಿ ದೊರೆ ಎರಡನೆಯ ಜೋಸೆಫ್, ಬೆಳೆಗಾರರು ತಾವು ಬೆಳೆದು ತಯಾರಿಸಿದ ವೈನನ್ನು ಮನೆಯಲ್ಲೇ ಮಾರಬಹುದು ಎಂದು ಅಪ್ಪಣೆ ಹೊರಡಿಸಿದ. ಮನೆಬಾಗಿಲಿಗೆ ಹಸಿರು ಕೊಂಬೆ ಕಟ್ಟಿ ಹೊಸ ವೈನ್ ಮಾರುವ ‘ಹೊಯ್‌ರಿಗರ್’ಗಳು ವಿಯೆನ್ನಾದ ಅಂಚಿನಲ್ಲಿ ಇವತ್ತಿಗೂ ಇವೆ. ನಗರದ ಮಿತಿಯೊಳಗೇ ನೂರಾರು ಹೆಕ್ಟೇರ್ ದ್ರಾಕ್ಷಿತೋಟ ಉಳಿದಿರುವ ರಾಜಧಾನಿ ಅದು. ಬೆಳೆದವನೂ ಕೊಳ್ಳುವವನೂ ಎದುರುಬದುರು ಕೂರುವ ಏರ್ಪಾಟು ಇದ್ದಲ್ಲಿ ಹಣ್ಣಿನ ಬೆಲೆ ಬೇರೆಯವರ ಕೈಗೆ ಸುಲಭವಾಗಿ ಹೋಗುವುದಿಲ್ಲ.

ಇಷ್ಟೆಲ್ಲ ಇದ್ದೂ ಆಸ್ಟ್ರಿಯಾ ಒಮ್ಮೆ ಮುಗ್ಗರಿಸಿ ಬಿತ್ತು. 1985ರಲ್ಲಿ, ಕೆಲವು ವ್ಯಾಪಾರಿಗಳು ತೆಳು ವೈನಿಗೆ ಮೈ ಬರಲೆಂದು ಡೈಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿದ್ದು ಬಯಲಾಯಿತು. ದೇಶದೇಶಗಳಲ್ಲಿ ಆಸ್ಟ್ರಿಯಾದ ಬಾಟಲಿಗಳನ್ನು ಅಂಗಡಿಯಿಂದ ತೆಗೆಸಿದರು. ರಫ್ತು ನೆಲಕಚ್ಚಿತು. ಪ್ರಾಮಾಣಿಕವಾಗಿ ದುಡಿಯುತ್ತಿದ್ದ ಬೆಳೆಗಾರರೂ ಆ ಕೆಸರನ್ನು ಹೊರಬೇಕಾಯಿತು. ಆಗ ಅವರು ಮಾಡಿದ ಕೆಲಸ ನೋಡಿ: ಅದೇ ವರ್ಷ ಯುರೋಪಿನಲ್ಲೇ ಬಿಗಿಯಾದ ವೈನ್ ಕಾನೂನುಗಳಲ್ಲೊಂದನ್ನು ತಂದರು, ಮರುವರ್ಷ ವೈನ್ ಮಾರುಕಟ್ಟೆ ಮಂಡಳಿ ಕಟ್ಟಿದರು. ಹೆಚ್ಚು ಬೆಳೆದು ಅಗ್ಗಕ್ಕೆ ಮಾರುವುದನ್ನು ಬಿಟ್ಟು ಕಡಿಮೆ ಬೆಳೆದು ಚೆನ್ನಾಗಿ ಮಾಡುವ ದಾರಿಗೆ ಹೊರಳಿದರು.

ಸೆಕ್ಟ್ ವಿಷಯದಲ್ಲೂ ಹಾಗೆಯೇ. 2014ರಲ್ಲಿ ಸರ್ಕಾರ ಗುಳ್ಳೆಯ ವೈನಿನ ಮೇಲೆ ಲೀಟರಿಗೆ ಒಂದು ಯೂರೋ ತೆರಿಗೆ ಹೇರಿತ್ತು. 2020ರಲ್ಲಷ್ಟೇ ಅದು ಹೋದದ್ದು. ಆ ಭಾರದ ಕಾಲದಲ್ಲೇ ತಯಾರಕರು ಸೇರಿ ಮೂರು ಮೆಟ್ಟಿಲಿನ ಕಟ್ಟುಪಾಡು ರೂಪಿಸಿಕೊಂಡರು. ಮೊದಲ ಮೆಟ್ಟಿಲಿನ ಸೆಕ್ಟ್‌ಗೆ ದ್ರಾಕ್ಷಿ ಪೂರ್ತಿ ಆಸ್ಟ್ರಿಯಾದ್ದೇ ಆಗಿರಬೇಕು, ಗಸಿಯ ಮೇಲೆ ಕನಿಷ್ಠ 9 ತಿಂಗಳು ಇರಬೇಕು. ಎರಡನೆಯದು ರಿಸರ್ವ್: ಒಂದೇ ರಾಜ್ಯದ ದ್ರಾಕ್ಷಿ, ಕೈಯಿಂದ ಕೊಯ್ದದ್ದು, ಬಾಟಲಿಯಲ್ಲೇ ಹುದುಗಿದ್ದು, 18 ತಿಂಗಳು. ಮೂರನೆಯದು ಗ್ರೋಸೆ ರಿಸರ್ವ್: ಒಂದೇ ಊರಿನ ದ್ರಾಕ್ಷಿ, ಈಗಿನ ನಿಯಮದಂತೆ 36 ತಿಂಗಳು, ಹಿಂಡುವಾಗ ಹಣ್ಣಿನ ತೂಕದ ಅರ್ಧದಷ್ಟು ರಸ ಮಾತ್ರ. ಇನ್ನೂ ಹಿಂಡಿದರೆ ಬರುತ್ತದೆ. ಆದರೆ ಆ ರಸ ಈ ಮೆಟ್ಟಿಲಿಗೆ ಸಲ್ಲದು. ತೂಕವನ್ನು ಬಿಟ್ಟುಕೊಟ್ಟು ರುಚಿಯನ್ನು ಉಳಿಸಿಕೊಳ್ಳುವ ಈ ನಿಯಮ ನನ್ನ ಮನಸ್ಸಿನಲ್ಲಿ ಬೇರೂರಿ ಕೂತಿದೆ. ಪ್ರತಿವರ್ಷ ಅಕ್ಟೋಬರ್ 22 ಅಲ್ಲಿ ಸೆಕ್ಟ್ ದಿನ.

ಈಗ ನಮ್ಮ ಊರಿನ ಕಡೆ ತಿರುಗೋಣ. 1988ರಲ್ಲಿ ಕಂವಲ್ ಗ್ರೋವರ್ ಎಂಬ ಉದ್ಯಮಿ, ಭಾರತದಲ್ಲಿ ಒಳ್ಳೆಯ ವೈನ್ ದ್ರಾಕ್ಷಿ ಬೆಳೆಯುವ ನೆಲ ಹುಡುಕಿ ಕೊನೆಗೆ ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನೆಲೆಯೂರಿದರು. ಅವರಿಗೆ ಜೊತೆಯಾದವರು ಜಾರ್ಜ್ ವೆಸೆಲ್, ಶಾಂಪೇನ್ ಸೀಮೆಯ ಬೂಜಿ ಗ್ರಾಮದ ಹೆಸರಾಂತ ವೈನ್ ತಯಾರಕರು. 1990ರ ದಶಕದಲ್ಲಿ ಬೋರ್ಡೊದ ಮಿಶೆಲ್ ರೋಲಾನ್ ಸಲಹೆಗಾರರಾಗಿ ಬಂದರು. ಯೋಚಿಸಿ ನೋಡಿ: ಶಾಂಪೇನಿನ ಮನುಷ್ಯ ನಂದಿಯ ಕೆಂಪು ಮಣ್ಣನ್ನು ಕೈಯಲ್ಲಿ ಹಿಡಿದು ಇಲ್ಲಿ ಆಗುತ್ತದೆ ಎಂದರು. ನಂದಿ ಆಗ ಕೋಲಾರ ಜಿಲ್ಲೆಯದೇ. ಸಮುದ್ರಮಟ್ಟದಿಂದ ಎಂಟುನೂರು, ಒಂಬೈನೂರು ಮೀಟರ್ ಎತ್ತರ, ಹಗಲು ಬಿಸಿಲು, ರಾತ್ರಿ ತಂಪು. ರಾತ್ರಿಯ ತಂಪಿನಿಂದಲೇ ಹಣ್ಣಿನಲ್ಲಿ ಹುಳಿ ಉಳಿಯುವುದು. ಗುಳ್ಳೆಯ ವೈನಿಗೆ ಮೊದಲು ಬೇಕಾದದ್ದು ಆ ಹುಳಿ.

ನಮ್ಮ ರಾಜ್ಯಕ್ಕೆ 2007 ಒಂದು ವಿಚಿತ್ರವಾದ ವರ್ಷ. ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿ ಬಂತು, ದ್ರಾಕ್ಷಾರಸ ಮಂಡಳಿಗೆ ದಾರಿಯಾಯಿತು. ಅದೇ ವರ್ಷ ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಬೇರೆಯಾಯಿತು. ನಂದಿಯೂ ದ್ರಾಕ್ಷಿಯ ದಟ್ಟ ತೋಟಗಳೂ ಆ ಕಡೆಗೆ ಹೋದವು. ನಮ್ಮ ಪಾಲಿಗೆ ಉಳಿದದ್ದು ಮಾವು, ಟೊಮೆಟೊ, ರೇಷ್ಮೆ, ಅಲ್ಲಲ್ಲಿ ದ್ರಾಕ್ಷಿ.

ಕುಡಿತದ ಮಾತು ಬಂದಾಗ ಒಂದು ಸಂಗತಿಯನ್ನು ಬಿಚ್ಚಿ ಹೇಳಬೇಕು. ಸಾರಾಯಿಯಿಂದ ಮನೆ ಮುರಿದ ಹಳ್ಳಿಗಳನ್ನು ಕೋಲಾರದವರು ಕಣ್ಣಾರೆ ಕಂಡಿದ್ದಾರೆ. ಅದರ ವಿರುದ್ಧ ಬೀದಿಗಿಳಿದ ಹೆಂಗಸರ ಹೋರಾಟಕ್ಕೆ ನನ್ನ ಪೂರಾ ಗೌರವವಿದೆ. ಕುಡಿಯದವರು ಕುಡಿಯಲು ಶುರುಮಾಡಲಿ ಎಂದು ನಾನು ಇದನ್ನು ಬರೆಯುತ್ತಿಲ್ಲ. ನನ್ನ ಕಾಳಜಿ ಹಣ್ಣಿನ ಮೇಲೆ, ಹಣ್ಣು ಬೆಳೆದವನ ಮೇಲೆ. ಊಟದ ಜೊತೆ ಒಂದು ಗ್ಲಾಸು, ನಿಧಾನವಾಗಿ, ರುಚಿ ನೋಡುತ್ತ ಕುಡಿಯುವ ಪದ್ಧತಿಯಿರುವ ನಾಡಿನಲ್ಲಿ ಹಣ್ಣಿನ ಗುಣಕ್ಕೆ ದುಡ್ಡು ಹುಟ್ಟುತ್ತದೆ ಎಂಬುದನ್ನಷ್ಟೇ ತೋರಿಸಬೇಕಾಗಿದೆ.

ಮಾಲೂರಿನ ಆ ಸಂಜೆಯಾದ ಮೇಲೆ ಪರಿಚಯದ ಬೆಳೆಗಾರರೊಬ್ಬರ ತೋಟಕ್ಕೆ ಹೋಗಿದ್ದೆ. ಸಾಲಾಗಿ ನೆಟ್ಟ ಕಲ್ಲುಕಂಬ, ಮೇಲೆ ತಂತಿಯ ಚಪ್ಪರ, ಕೆಳಗೆ ತಂಪು ನೆರಳು, ತಲೆಗೆ ತಗಲುವಂತೆ ಇಳಿಬಿದ್ದ ಕಪ್ಪುನೀಲಿ ಗೊಂಚಲು. ನಾವು ಚಿಕ್ಕಂದಿನಿಂದ ತಿಂದ ಬೆಂಗಳೂರು ನೀಲಿ ದ್ರಾಕ್ಷಿ. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಒಂದು ಹಣ್ಣನ್ನು ಬೆರಳಲ್ಲಿ ಒತ್ತಿದರೆ ದಪ್ಪ ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಇಡಿಯಾಗಿ ಬಾಯಿಗೆ ಜಾರುತ್ತದೆ. ಒಳಗೆ ಬೀಜ, ಸುತ್ತ ಹುಳಿ-ಸಿಹಿ, ಮೂಗು ತುಂಬುವ ಘಾಟು ಪರಿಮಳ. ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಆದರೂ ಹೆಚ್ಚಿನ ಪಾಲು ಜ್ಯೂಸಿಗೆ, ಅಗ್ಗದ ಸಿಹಿ ವೈನಿಗೆ, ರಸ್ತೆಬದಿಯ ಬುಟ್ಟಿಗೆ ಹೋಗುತ್ತದೆ. ತೋಟದ ಯಜಮಾನರನ್ನು ಕೇಳಿದೆ, ಯಾವ ಗೊಂಚಲು ಹೆಚ್ಚು ರುಚಿ ಎಂದು. ಕೈತೋರಿಸಿದರು: ದಿನ್ನೆಯ ಮೇಲಿನ ಸಾಲು, ನೀರು ಕಡಿಮೆ ಸಿಗುವ ಕಡೆ. “ರುಚಿ ಅಲ್ಲೇ ಅಣ್ಣಾ. ಆದ್ರೆ ಹಣ್ಣು ಹೋಗೋದು ತೂಕಕ್ಕೆ. ರುಚಿಗೆ ಯಾರು ಕಾಸು ಕೊಡ್ತಾರೆ?”

ಆ ಪ್ರಶ್ನೆಗೆ ಒಂದು ಉತ್ತರ, ನಂಬಿದರೆ ನಂಬಿ, ಆಸ್ಟ್ರಿಯಾದಲ್ಲೇ ಇದೆ. ಬೆಂಗಳೂರು ನೀಲಿ ಅಮೆರಿಕದ ಮೂಲದ ಇಸಾಬೆಲ್ಲಾ ತಳಿಯ ಬಳಗದ್ದು. ಆಸ್ಟ್ರಿಯಾದ ದಕ್ಷಿಣ ಬುರ್ಗೆನ್‌ಲಾಂಡಿನಲ್ಲಿ ಇದೇ ಇಸಾಬೆಲ್ಲಾ, ಕಾಂಕಾರ್ಡ್ ಮೊದಲಾದ ಬಳ್ಳಿಗಳಿಂದ ‘ಊಹುಡ್ಲರ್’ ಎಂಬ ವೈನ್ ಆಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಬೇರುಹುಳು ಯುರೋಪಿನ ದ್ರಾಕ್ಷಿಯನ್ನು ನಾಶಮಾಡಿದಾಗ, ಆ ಹುಳುವಿಗೆ ಬಗ್ಗದ ಅಮೆರಿಕದ ಬಳ್ಳಿಗಳನ್ನು ರೈತರು ತಂದು ನೆಟ್ಟರು. ಮೂಗಿಗೆ ಕಾಡು ಸ್ಟ್ರಾಬೆರಿಯ ವಾಸನೆ. ಪಂಡಿತರು ಅದನ್ನು ಕೀಳೆಂದರು, ಕಾನೂನು ಅದರ ಮಾರಾಟವನ್ನು ತಡೆಯಿತು. ಆದರೆ ಹೈಲಿಗೆನ್‌ಬ್ರುನ್‌ನಂಥ ಊರುಗಳ ಜನ, ಹುಲ್ಲುಮಾಡಿನ ನೆಲಮಾಳಿಗೆಗಳಲ್ಲಿ ತಮ್ಮ ವೈನನ್ನು ಕಾಪಾಡಿಕೊಂಡು ಬಂದರು. 1992ರಲ್ಲಿ ಗೊತ್ತುಪಡಿಸಿದ ಕೆಲವು ಊರುಗಳಿಗೆ ಮಾರುವ ಹಕ್ಕು ಸಿಕ್ಕಿತು. ಈಗ ಅದರ ಗುಳ್ಳೆಯ ರೂಪವೂ ಬರುತ್ತದೆ. ಅದನ್ನು ಹುಡುಕಿಕೊಂಡು ಹೋಗುವ ಪ್ರವಾಸಿಗರಿದ್ದಾರೆ. ಲಾಂಗೆನ್‌ಲೋಯಿಸಿನ ಸೆಕ್ಟ್‌ಗಿರುವ ಸೂಕ್ಷ್ಮ ಅದಕ್ಕೆ ಬಾರದು; ಇಸಾಬೆಲ್ಲಾದ ಪರಿಮಳ ಅಷ್ಟು ಜೋರು. ಬೆಂಗಳೂರು ನೀಲಿಯಿಂದ ಶಾಂಪೇನಿನ ಸರಿಸಾಟಿ ಮಾಡಲು ಹೊರಡುವುದೂ ಸರಿಯಲ್ಲ. ಆದರೆ ಅದರ ಪರಿಮಳವನ್ನು ಮುಚ್ಚಿಡದೆ, ಸಕ್ಕರೆ ಸುರಿಯದೆ, ತಂಪಾಗಿ ಕುಡಿಯುವ ತೆಳು ಗುಳ್ಳೆಯ ವೈನೋ ಶುದ್ಧ ರಸವೋ ಮಾಡಿ, ಊರಿನ ಹೆಸರು ಬರೆದು ಮಾರಬಹುದು. ಒಂದೇ ಬಳಗದ ಬಳ್ಳಿ. ಅಲ್ಲಿ ಅದರ ವೈನಿಗೆ ತನ್ನದೇ ಹೆಸರು ಸಿಕ್ಕಿತು, ಇಲ್ಲಿ ಸಿಗಲಿಲ್ಲ.

ಮಾವಿನ ಕಥೆ ಹೇಳದೆ ಕೋಲಾರದ ಹಣ್ಣಿನ ಮಾತು ಮುಗಿಯುವುದಿಲ್ಲ. ಶ್ರೀನಿವಾಸಪುರಕ್ಕೆ ಮೊದಲಿದ್ದ ಹೆಸರು ಪಾಪನಪಲ್ಲಿ; ದಿವಾನ್ ಪೂರ್ಣಯ್ಯನವರು ಮಗನ ಹೆಸರಿಟ್ಟರು. ಬೇಸಿಗೆಯಲ್ಲಿ ಆ ಊರಿನ ಮಂಡಿಗಳಲ್ಲಿ ನಿಂತರೆ ಬಾದಾಮಿ, ರಸಪುರಿ, ಮಲ್ಲಿಕಾ, ಬಂಗನಪಲ್ಲಿ, ತೋತಾಪುರಿಯ ರಾಶಿ ಕಣ್ಣು ತುಂಬುತ್ತದೆ. ತೋತಾಪುರಿಯ ಬಹುಪಾಲು ತಿರುಳಿನ ಕಾರ್ಖಾನೆಗಳಿಗೆ, ಅದರಲ್ಲೂ ಗಡಿಯಾಚೆಯ ಚಿತ್ತೂರಿಗೆ ಹೋಗುತ್ತದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದೆಂದು ತಡೆದಾಗ ನಮ್ಮ ಬೆಳೆಗಾರರ ಪಾಡು ಏನಾಯಿತೆಂದು ಎಲ್ಲರೂ ಕಂಡರು. ಬೆಲೆ ಕುಸಿಯಿತು, ರೈತರು ಬೀದಿಗಿಳಿದರು, ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಕೊನೆಗೆ ಕೇಂದ್ರ ಬೆಲೆ ವ್ಯತ್ಯಾಸದ ನೆರವು ಒಪ್ಪಿತು. ಒಂದು ಗಡಿ ಮುಚ್ಚಿದರೆ ಒಂದು ತಾಲ್ಲೂಕಿನ ವರ್ಷದ ದುಡಿಮೆ ನೆಲಕ್ಕೆ ಬೀಳುವಂತಿದ್ದರೆ, ಆ ಹಣ್ಣು ಹೆಸರಿಲ್ಲದ ಹಣ್ಣು ಎಂದೇ ಅರ್ಥ. ತಿರುಳಿನ ಡಬ್ಬದ ಮೇಲೆ ಶ್ರೀನಿವಾಸಪುರ ಎಂದು ಬರೆದಿರುವುದಿಲ್ಲ. ಬರೆದಿದ್ದರೆ ಆ ಹೆಸರನ್ನು ಕೇಳಿಕೊಂಡು ಬರುವ ಗಿರಾಕಿ ಬೇರೆ ಊರಿನಿಂದ ಬಂದಾನು.

ಟೊಮೆಟೊದ್ದೂ ಅದೇ ಹಾಡು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ಬೇರೆ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಗಿಟ್ಟದೆ ರಸ್ತೆಗೆ ಸುರಿದದ್ದೂ ಉಂಟು. ಏರಲಿ ಇಳಿಯಲಿ, ಬೆಲೆ ನಿಂತಿರುವುದು ತೂಕದ ಮೇಲೆ. ಬೆಲೆ ಸಿಗುವ ಆತುರಕ್ಕೆ ಮಾವನ್ನು ಬಲಿಯುವ ಮೊದಲೇ ಕೀಳುತ್ತಾರೆ, ಮಾಗಿಸಲು ಕಾರ್ಬೈಡ್ ಹಾಕಬಾರದೆಂದು ಕಾನೂನಿದ್ದರೂ ಹಾಕುವವರಿದ್ದಾರೆ. ಲಾಂಗೆನ್‌ಲೋಯಿಸಿನಲ್ಲಿ ಹದಿನೆಂಟು ತಿಂಗಳು ಕಾಯುವವನಿಗೆ ಕಾಯುವ ದುಡ್ಡು ಸಿಗುತ್ತದೆ. ಇಲ್ಲಿ ಹದಿನೈದು ದಿನ ಕಾದವನಿಗೆ ನಷ್ಟ. ದೋಷ ರೈತನದಲ್ಲ, ಏರ್ಪಾಟಿನದು. ಸಾವಿರದೈನೂರು ಅಡಿ ಕೊಳವೆಬಾವಿ ಕೊರೆದವನು, ಬೆಂಗಳೂರಿನ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೆರೆಗೆ ಬಂದ ಮೇಲೆ ಒಂದಿಷ್ಟು ಉಸಿರಾಡಿದವನು, ಅವನ ಒಂದೊಂದು ಹನಿಗೂ ಗುಣದ ಬೆಲೆ ಸಿಗಬೇಕು.

ಆಸ್ಟ್ರಿಯಾದ ಸೆಕ್ಟ್ ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ. ವಿದೇಶಿ ವೈನಿನ ಮೇಲೆ ಬಹುಕಾಲದಿಂದ ಶೇ. 150ರ ಆಮದು ಸುಂಕವಿದ್ದು, ಬಾಟಲಿ ಇಲ್ಲಿಗೆ ತಲುಪುವ ಹೊತ್ತಿಗೆ ಬೆಲೆ ಬೆಟ್ಟವೇರಿರುತ್ತದೆ. ಹೊರಗೆ ಹೋದವರು ರುಚಿ ನೋಡಲು ಬಯಸಿದರೆ ‘ಸೆಕ್ಟ್ ಆಸ್ಟ್ರಿಯಾ ರಿಸರ್ವ್’ ಎಂಬ ಬರಹವನ್ನೂ ಬಾವುಟದ ಪಟ್ಟಿಯನ್ನೂ ನೋಡಿ ಕೊಳ್ಳಿ. ಶಾಂಪೇನಿಗೆ ಕೊಡುವುದಕ್ಕಿಂತ ಕಡಿಮೆ ದುಡ್ಡಿಗೆ ಅದರ ಪಕ್ಕದಲ್ಲಿ ಕೂರಿಸಬಹುದಾದ ವೈನ್ ಸಿಗುತ್ತದೆ. ಬ್ರ್ಯೂಂಡ್ಲ್‌ಮಾಯರ್, ಶ್ಲೋಸ್ ಗೋಬೆಲ್ಸ್‌ಬುರ್ಗ್, ಸ್ಟೈನಿಂಗರ್, ಬುರ್ಗೆನ್‌ಲಾಂಡಿನ ಸಿಗೆಟಿ ಇವು ನಂಬಿಕೆಯ ಹೆಸರುಗಳು.

ನಮ್ಮವರಿಗೆ ನನ್ನ ಮನವಿ ಬೇರೆ. ದ್ರಾಕ್ಷಾರಸ ಮಂಡಳಿ, ಮಾವು ಅಭಿವೃದ್ಧಿ ನಿಗಮ, ತೋಟಗಾರಿಕೆ ಇಲಾಖೆ, ಬೆಳೆಗಾರರ ಸಂಘಗಳು ಒಟ್ಟಿಗೆ ಕೂತು ಕೋಲಾರದ ಹಣ್ಣಿಗೆ ಮೂರು ಮೆಟ್ಟಿಲಿನ ಒಂದು ಕಟ್ಟುಪಾಡು ಬರೆಯಲಿ. ಮೊದಲ ಮೆಟ್ಟಿಲಿಗೆ ಜಿಲ್ಲೆಯ ಹೆಸರು, ಎರಡನೆಯದಕ್ಕೆ ತಾಲ್ಲೂಕಿನ ಹೆಸರು, ಮೂರನೆಯದಕ್ಕೆ ಊರಿನ ಹೆಸರು; ಮೇಲೇರಿದಷ್ಟೂ ಬಲಿತ ಹಣ್ಣು, ಕೈಕೊಯ್ಲು, ಕಡಿಮೆ ಇಳುವರಿ, ಹೆಚ್ಚು ಬೆಲೆ. ಓದುಗರೇ, ನೀವು ಮುಂದಿನ ಸಲ ಕೋಲಾರದ ರಸ್ತೆಬದಿಯಲ್ಲಿ ದ್ರಾಕ್ಷಿಯನ್ನೋ ಮಾವನ್ನೋ ಕೊಳ್ಳುವಾಗ, ಕಿಲೋಗೆ ಎಷ್ಟು ಎಂದು ಕೇಳುವ ಮೊದಲು ಯಾವ ತಳಿ, ಯಾವ ಊರಿನದು, ಯಾವಾಗ ಕೊಯ್ದದ್ದು ಎಂದು ಕೇಳಿ. ಚೆನ್ನಾಗಿದ್ದರೆ ಹತ್ತು ರೂಪಾಯಿ ಹೆಚ್ಚು ಕೊಡಿ. ರುಚಿಗೆ ಕಾಸು ಕೊಡುವವರು ಇದ್ದಾರೆ ಎಂದು ಬೆಳೆದವರಿಗೆ ಗೊತ್ತಾಗಬೇಕು.